ಹೊಳೆಗೆ ಬಿಟ್ಟ ರೆಕ್ಕೆ

ಯಂಕಪ್ಪಣ್ಣನ ಅಂಗಿಯ ಜೇಬಿನಲ್ಲಿ ಹುಣಸೆ ಬೀಜದ ಅಂಟಿನ ಪುಟ್ಟ ಡಬ್ಬಿಯೊಂದು ಸದಾ ಇರುತ್ತಿತ್ತು. ಮುರಿದದ್ದು ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಅವನು ಕಿನ್ನಾಳದ ಚಿತ್ರಗಾರ; ಮರದ ದೇವರು, ಬೊಂಬೆ ಮಾಡುವುದು ಮನೆತನದ ಕಸುಬು. ಕೊಪ್ಪಳ ಹೊಸ ಜಿಲ್ಲೆಯಾದ ಮೇಲೆ ನಾನು ಗುಮಾಸ್ತನಾಗಿದ್ದ ಕಚೇರಿಗೆ ಆಗಾಗ ಅರ್ಜಿ ಹಿಡಿದು ಬರುತ್ತಿದ್ದ. ಸಾಹೇಬರು ಬರುವ ತನಕ ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ನನ್ನ ಕುರ್ಚಿಯ ಸಡಿಲ ಕಾಲಿಗೆ ಚಕ್ಕೆ ಬಡಿದು, ಅಂಟು ಮೆತ್ತಿ, "ಈಗ ಕುಂದರ್ರಿ. ಸರ್ಕಾರದ ಕುರ್ಚಿ, ಅಳ್ಳಾಡೂದು ಅದರ ಗುಣ. ನನ್ನ ಅಂಟು ಎಷ್ಟ ದಿನ ತಡೀತೈತಿ ನೋಡೂಣು" ಎನ್ನುತ್ತಿದ್ದ.

ಅವನ ಮನೆಯಲ್ಲಿ ಅಪ್ಪ ಮಾಡಿದ ಗರುಡ ಇತ್ತು. ಪರದೇಶದ ಪ್ರದರ್ಶನವೊಂದಕ್ಕೆ ಸರ್ಕಾರ ಅದನ್ನು ಎರವಲು ಕೇಳಿತು. ಹೋಗಿ ಬರುವ ತನಕ ವಿಮೆ. ಅದರ ಖರ್ಚೂ ಸರ್ಕಾರದ್ದೇ. ತಿರುಗಿ ಬಂದ ಮೇಲೆ ಜಿಲ್ಲೆಯಲ್ಲಿ ಆಗಲಿರುವ ಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ, ಮಾಡಿದವನ ಹೆಸರು ಬರೆದು ಇಡುತ್ತೇವೆಂದು ಸಾಹೇಬರು ಮಾತು ಕೊಟ್ಟರು. ಎಷ್ಟು ತಲೆಮಾರಿನಿಂದ ದೇವರನ್ನು ಮಾಡಿದರೂ ಅವನ ಮನೆಯವರ ಹೆಸರನ್ನು ಯಾರೂ ಎಲ್ಲಿಯೂ ಬರೆದವರಲ್ಲ. ಆ ಒಂದು ಮಾತಿಗೇ ಅವನು ಒಪ್ಪಿದ್ದು.

ವಿಮೆಯ ಫಾರಂ ತುಂಬುವಾಗ ಬೆಲೆ ಎಷ್ಟು ಬರೆಯಲಿ ಎಂದು ಕೇಳಿದೆ.

"ಅಪ್ಪನ ಕೈಗೆ ಬೆಲಿ ಕಟ್ಟೂದು ನನಗ ಬರೂದಿಲ್ರಿ. ನೀವ ಏನರ ಬರೀರಿ. ಅವನ ಹೆಸರು ಎಲ್ಲಿ ಬರೀತೀರಿ, ಅದನ್ನಷ್ಟ ಹೇಳ್ರಿ."

ಹೆಸರಿಗೆ ಕಾಲಂ ಇರಲಿಲ್ಲ. ಷರಾ ಎಂಬಲ್ಲಿ ಇರುಕಿಸಿ ಬರೆದೆ. ಅವನು ಆ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದ.

ಗರುಡ ತಿರುಗಿ ಬಂದದ್ದು ನೇರವಾಗಿ ಅವನ ಮನೆಗೆ. ಪೆಟ್ಟಿಗೆ ಬಿಚ್ಚಿದರೆ ಒಂದು ರೆಕ್ಕೆ ಬುಡದಲ್ಲೇ ಮುರಿದಿತ್ತು. ಭಿನ್ನವಾದ ದೇವರನ್ನು ಇಟ್ಟುಕೊಂಡು ಸಂಜೆ ದೀಪ ಹಚ್ಚಬಾರದು, ಅವನ ಮನೆಯ ಕಟ್ಟಳೆ. ಹೊತ್ತು ಮುಳುಗುವುದರೊಳಗೆ ಹೊಸ ರೆಕ್ಕೆ ಕೆತ್ತಿ ಕೂಡಿಸಿದ. ಮಾರನೆಯ ದಿನ ಮುರಿದ ತುಂಡನ್ನು ಹುಲಿಗಿಗೆ ಒಯ್ದು ಹೊಳೆಗೆ ಬಿಟ್ಟ. ಬಣ್ಣ ಒಣಗಿದ ಮೇಲೆ ಕಚೇರಿಗೆ ಬಂದು, "ರೆಕ್ಕಿ ಮುರದಿತ್ರಿ, ಛಲೋ ಮಾಡೇನಿ. ಕಪಾಟು ಯಾವಾಗ ಬರತೈತಿ?" ಎಂದು ಖುಷಿಯಿಂದ ಕೇಳಿದ.

ಜಖಂ ಆಗಿದ್ದರೆ ಮುಟ್ಟದೆ ತಿಳಿಸಬೇಕೆಂಬ ಸೂಚನೆ ವಿಮೆಯ ಕಾಗದದ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿತ್ತು. ಓದಿ ಹೇಳಬೇಕಾದವನು ನಾನು. ಮರೆತೆ ಎಂದರೆ ಸುಳ್ಳಾಗುತ್ತದೆ. ನಾನು ಓದಿಯೇ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ.

ಕಚೇರಿಯಿಂದ ತಿಳಿಸಿದ ಮೇಲೆ ವಿಮೆಯವನು ಬಂದು ಗರುಡನನ್ನು ತಿರುಗಿಸಿ ತಿರುಗಿಸಿ ನೋಡಿದ. ಯಾವ ರೆಕ್ಕೆ ಹೊಸದೆಂದು ಅವನಿಗೆ ತಿಳಿಯಲಿಲ್ಲ. ಯಂಕಪ್ಪಣ್ಣನೇ ಬೆರಳಿಟ್ಟು ತೋರಿಸಿದ.

"ಮುರಿದ ತುಂಡು ಎಲ್ಲಿ?"

"ಹೊಳಿಗೆ ಬಿಟ್ಟೇನ್ರಿ. ಭಿನ್ನ ಆದದ್ದು ಮನ್ಯಾಗ ಇಡಬಾರದಲ್ರಿ."

ವಿಮೆಯವನು ನಕ್ಕ. 'ಜಖಂ ಕಂಡುಬಂದಿಲ್ಲ' ಎಂದು ಬರೆಸಿದ. ಒಂದು ವಾರಕ್ಕೆ ಸಾಹೇಬರೂ ಬರೆಸಿದರು: 'ಒಂದು ರೆಕ್ಕೆ ಹೊಸದು. ಮೂಲ ಕೃತಿ ಅಲ್ಲವಾದ್ದರಿಂದ ಸಂಗ್ರಹಾಲಯಕ್ಕೆ ಯೋಗ್ಯವಲ್ಲ.' ಎರಡನ್ನೂ ಟೈಪು ಮಾಡಿದ ಕೈ ನನ್ನದು.

ಯಂಕಪ್ಪಣ್ಣ ಎರಡನ್ನೂ ಓದಿಸಿ ಕೇಳಿದ. "ಒಂದು ಮುರದಿಲ್ಲ ಅಂತೈತಿ, ಒಂದು ಮುರದೈತಿ ಅಂತೈತಿ. ನಮ್ಮಪ್ಪ ಇದರಾಗ ಎಲ್ಲಿ ಅದಾನ್ರಿ?"

ನಾಚಿಕೆಗೆಟ್ಟ ಸಂಬಳ ತಿಂದೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಮರುವರ್ಷವೇ ಅವನು ತೀರಿಕೊಂಡ. ಅದಕ್ಕೆ ಮುಂಚೆ ಒಮ್ಮೆ ಬಂದಿದ್ದ, ಅಪ್ಪನ ಹೆಸರಿದ್ದ ಆ ಫಾರಮ್ಮಿನ ಝೆರಾಕ್ಸ್ ಕೇಳಲು. ಕೊಟ್ಟೆ. ಮಡಚಿ, ಅಂಟಿನ ಡಬ್ಬಿಯಿದ್ದ ಜೇಬಿನಲ್ಲೇ ಇಟ್ಟುಕೊಂಡ. ನಾನು ಏಳುವಾಗ ಕುರ್ಚಿಯ ಕಾಲು ಲಟಕ್ಕೆಂದಿತು. ಅವನ ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು.

"ಬ್ಯಾಡ್ರಿ," ಎಂದ ಕೈ ಹಿಂತೆಗೆದುಕೊಂಡು. "ಮೊದಲ ಯಾರರ ಬಂದು ನೋಡ್ಲಿ, ಮುರದೈತಿ ಅಂತ ಬರೀಲಿ."