ಲಗ್ನಕ್ಕೆ ಮೊದಲೇ ತಿಂದ ನೆಲ್ಲಿಕಾಯಿ

ನಾನು ಚಿಕ್ಕವಳಿದ್ದಾಗ ಕಾಯುವುದೆಂದರೆ ನನಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಕಬ್ಬೂರಿನ ನಮ್ಮ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಅವ್ವ ಹಚ್ಚಿದ ನೆಲ್ಲಿ ಗಿಡವಿತ್ತು. ಅದಕ್ಕೂ ನನಗೂ ಒಂದೇ ವಯಸ್ಸು. ಎಂಟು ವರ್ಷ ಎಮ್ಮೆ ಗೊಬ್ಬರ ತಿಂದು, ಆ ಸಲ ಮೊದಲ ಬಾರಿಗೆ ಕಾಯಿ ಬಿಟ್ಟಿತು. ಅದೂ ಒಂದೇ ಟೊಂಗೆಯಲ್ಲಿ, ಹನ್ನೊಂದೇ ಕಾಯಿ.

ನಮ್ಮಲ್ಲಿ ತುಳಸಿ ಲಗ್ನದ ದಿನ ಕಟ್ಟೆಯ ಮೇಲೆ ಕಬ್ಬಿನ ಜೊತೆ ಕಾಯಿರುವ ನೆಲ್ಲಿ ಟೊಂಗೆ ಊರಬೇಕು. ಲಗ್ನ ಮುಗಿಯುವವರೆಗೆ ಯಾರೂ ನೆಲ್ಲಿಕಾಯಿ ಬಾಯಿಗೆ ಹಾಕುವ ಹಾಗಿಲ್ಲ. ಪ್ರತಿ ವರ್ಷ ಟೊಂಗೆ ಬೇಡಿ ತರುತ್ತಿದ್ದ ಅವ್ವ, "ಈ ಸಲ ನಮ್ಮ ಗಿಡದ್ದ ಟೊಂಗಿ ಐತ್ರಿ, ಎಲ್ಲಾರೂ ಬರ್ರಿ" ಎಂದು ಓಣಿಗೆಲ್ಲ ಹೇಳಿ ಬಂದಿದ್ದಳು.

ಲಗ್ನದ ಹಿಂದಿನ ದಿನ ನಾನು ಒಂದು ಕಾಯಿ ಕಚ್ಚಿದೆ. ಹುಳಿ, ಒಗರು, ಮೇಲೆ ನೀರು ಕುಡಿದರೆ ಗಂಟಲೆಲ್ಲ ಸಿಹಿ. ಇನ್ನೊಂದು ಕಿತ್ತೆ, ಮತ್ತೊಂದು ಕಿತ್ತೆ. ಕೊನೆಗೆ ಒಂದೂ ಉಳಿಯಲಿಲ್ಲ.

ಲಗ್ನದ ದಿನವಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಜೆ ಕುಡುಗೋಲು ಹಿಡಿದು ಹಿತ್ತಲಿಗೆ ಹೋದ ಅವ್ವ ಬರಿಗೈಲಿ ಬಂದಳು. ಅಪ್ಪ ಕೇಳದೆ, ವಿಚಾರಿಸದೆ ಅಕ್ಕನನ್ನು ಹಿಡಿದ. ಉಪ್ಪು ಖಾರದ ಪೊಟ್ಟಣ ಸದಾ ಇಟ್ಟುಕೊಳ್ಳುವವಳು ಅವಳೇ.

"ನಿನ್ನ ಬಾಯಿಗೆ ಬೀಗ ಹಾಕಬೇಕ ನೋಡ. ಇವತ್ತ ತುಳಸಿ ಹತ್ತರ ಬರಬ್ಯಾಡ."

ತುಳಸಿಗೆ ಸೀರೆ ಉಡಿಸುವುದು ಅಕ್ಕನ ಪಾಲಿನ ಕೆಲಸ. ಅವಳು ಅಳುತ್ತ ಒಳಗೆ ಹೋದಳು. ನಾನು ಅಂಗಳ, ಹಿತ್ತಲು ಎಂದು ಎಡತಾಕಿದೆ. ನೆರೆಮನೆಯಿಂದ ಬೇರೆ ಟೊಂಗೆ ಬಂತು, ಓಣಿಯ ಹೆಂಗಸರು ಬಂದು ಕೂತರು. ತುಳಸಿಯ ಸೀರೆಯ ಮಡಿಕೆಯನ್ನು ಅವ್ವ ತಾನೇ ಬಿಚ್ಚತೊಡಗಿದಾಗ ನಾನು ಅವಳ ಮುಂದೆ ಹೋಗಿ ನಿಂತೆ.

"ಅಕ್ಕ ಅಲ್ಲ. ನಾ ತಿಂದೇನಿ," ಎಂದೆ.

ಅಪ್ಪ ಕೈ ಎತ್ತಿದ. ಅವ್ವ ಅಡ್ಡ ಬಂದು, ಅಕ್ಕನನ್ನು ಕರೆದು ಸೀರೆ ಅವಳ ಕೈಗಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಕಾಯಿ ಹೆಂಗಿದ್ದೂ ಬೇ?" ಎಂದು ಕೇಳಿದಳು. ಅವಳ ದನಿಯಲ್ಲಿ ಆಸೆಯಿತ್ತು. ನನಗೆ ನಾಚಿಕೆಯಾಗಿ, "ಬರೇ ಒಗರ ಇದ್ದೂ" ಎಂದೆ.

ಈಗಿನವರು ನಿಮಗೇನು, ನೆಲ್ಲಿಕಾಯಿ ಕ್ಯಾಂಡಿ ವರ್ಷವಿಡೀ ಅಂಗಡಿಯಲ್ಲಿ ಜೋತಾಡುತ್ತದೆ. ಬೇಕೆಂದಾಗ ಹರಿದು ಬಾಯಿಗೆ ಸುರಿದುಕೊಳ್ಳುತ್ತೀರಿ. ಅವ್ವ ಮಾತ್ರ ಇನ್ನೊಂದು ವರ್ಷ ಕಾದಳು. ಆ ಸಲ ಬರಣಿ ತುಂಬ ಉಪ್ಪಿನಕಾಯಿಗೂ ಸಾಕಾಗುವಷ್ಟು ಕಾಯಿ ಹಿಡಿದಿತ್ತು. ಲಗ್ನ ಮುಗಿದ ಮೇಲೆ ಅವಳು ಒಂದು ಕಾಯಿ ನಿಧಾನವಾಗಿ ತಿಂದು, ನೀರು ಕುಡಿದು, ನನ್ನ ಕಡೆ ತಿರುಗಿದಳು.

"ಸುಳ್ಳ ಹೇಳಿದ್ದಿ, ಹೌದಿಲ್ಲ?"