ಜೇಬು ನೋಡುವ ಅತ್ತೆ

ನಮ್ಮ ವಂಶದಲ್ಲಿ ಯಾರನ್ನೂ ಸುಮ್ಮಸುಮ್ಮನೆ ನಂಬುವ ಪದ್ಧತಿಯಿಲ್ಲ. ನಮ್ಮಪ್ಪ ಅಂಗಡಿಯಿಂದ ತಂದ ಸಕ್ಕರೆಯನ್ನು ಈಗಲೂ ಮನೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುತ್ತಾರೆ. ನಾನು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ರಜಾ ಚೀಟಿಯ ಮೇಲಿನ ಸಹಿ ನೋಡಿದರೆ ಸಾಕು, ಅದು ಅಪ್ಪನದೋ ಮಗನದೋ ಹೇಳಿಬಿಡುತ್ತೇನೆ. ಆದರೆ ಈ ವಿದ್ಯೆಯಲ್ಲಿ ನಾವೆಲ್ಲ ಸೇರಿದರೂ ನನ್ನ ಸೋದರತ್ತೆಯ ಮುಂದೆ ಏನೇನೂ ಅಲ್ಲ. ಮನೆಮಂದಿಯೆಲ್ಲ ಬೆನ್ನ ಹಿಂದೆ ಅವರನ್ನು ಸಿಐಡಿ ಅತ್ತೆ ಎಂದೇ ಕರೆಯುವುದು. ಬೆನ್ನ ಹಿಂದೆ ಕರೆಯುವುದೂ ಅವರಿಗೆ ಗೊತ್ತು.

ಮೂವತ್ತೊಂದು ವರ್ಷದ ಹಿಂದೆ ಮಾವನಿಗೆ ಹೊರದೇಶದಲ್ಲಿ ಸಿಟಿ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ಅತ್ತೆ ಎರಡು ಟ್ರಂಕು ಹಿಡಿದುಕೊಂಡು ಅವರ ಹಿಂದೆ ಹೊರಟರು. ಅಲ್ಲಿ ಮನೆಯಿಂದ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿಗೆ ಸೇರಿ, ಆಮೇಲೆ ಕೌಂಟರಿಗೆ ಬಂದು, ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದಾರೆ. ಲಾಂಡ್ರಿಯ ಮೊದಲ ನಿಯಮ, ಜೇಬು ನೋಡದೆ ಬಟ್ಟೆಯನ್ನು ನೀರಿಗೆ ಹಾಕಬಾರದು. ಜೇಬಿನಲ್ಲಿ ಸಿಕ್ಕಿದ್ದನ್ನು ಕಂದು ಕಾಗದದ ಕವರಿಗೆ ಹಾಕಿ, ಗಿರಾಕಿಯ ನಂಬರ್ ಬರೆದ ಚೀಟಿಯನ್ನು ಅದಕ್ಕೆ ಪಿನ್ ಮಾಡಿ ಇಡಬೇಕು. ಪೆನ್ನು, ಬಸ್ ಟಿಕೆಟ್ಟು, ಒಂದು ಸಲ ಯಾರದೋ ಹಲ್ಲಿನ ಸೆಟ್ಟು. ಹುಟ್ಟಾ ಅನುಮಾನದ ಹೆಂಗಸಿಗೆ ಊರವರ ಜೇಬಿಗೆಲ್ಲ ಕೈ ಹಾಕಲು ಸಂಬಳ! ಹೇಳಿ ಮಾಡಿಸಿದ ಕೆಲಸ ಅಂದರೆ ಅದೇ.

ಈ ಬೇಸಿಗೆ ರಜೆಯಲ್ಲಿ ಒಂದು ತಿಂಗಳ ಮಟ್ಟಿಗೆ ನಾನು ಅವರ ಮನೆಗೆ ಹೋದೆ. ಅತ್ತೆ ಊರಿಗೆ ಬಂದು ಹೋಗಿ ಒಂಬತ್ತು ವರ್ಷವಾಗಿತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಮಾವ ಕೈಬೀಸುತ್ತಾ ಓಡಿಬಂದರು. ಅತ್ತೆ ನಿಂತಲ್ಲಿಂದ ಕದಲಲಿಲ್ಲ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಮ್ಮಪ್ಪನಿಗೆ ಯಾವ ಕಾಲು ಕುಂಟು? ಹೇಳು ನೋಡೋಣ" ಎಂದರು.

"ಎಡಗಾಲು ಅತ್ತೆ."

"ಹಾಗಾದ್ರೆ ಸರಿ. ಬಾ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವಳು ಮೊದಲಿಂದ ಹಾಗೇ" ಎಂದರು. ನಾನೂ ನಕ್ಕೆ. ಆದರೆ ಇಪ್ಪತ್ತೆರಡು ಗಂಟೆ ಪ್ರಯಾಣ ಮಾಡಿ ಬಂದವಳಿಗೆ ಒಂದು ಲೋಟ ನೀರಿಗೂ ಮೊದಲು ಪರೀಕ್ಷೆಯೇ ಎಂದು ಒಳಗೆ ಉರಿಯಿತು.

ಮದುವೆಯಾಗಿ ಹೋದ ಅವರ ಮಗಳ ಮಹಡಿ ರೂಮು ನನಗೆ. ಕಿಟಕಿ ತೆಗೆದರೆ ಬಸ್ ಸ್ಟಾಪು, ಎದುರು ಸಾಲಿನ ಮನೆಗಳ ಒಣಗು ಹಗ್ಗಗಳು. ಹೊತ್ತು ಮುಳುಗುವುದೇ ಗೊತ್ತಾಗದಷ್ಟು ಉದ್ದನೆಯ ಹಗಲು. ಎರಡನೇ ದಿನ ಬೆಳಿಗ್ಗೆ ಕೆಳಗಿಳಿದರೆ ಅತ್ತೆ ನನ್ನನ್ನು ಕರೆದ ರೀತಿ ಕೇಳಿ ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಚಿಕ್ಕಂದಿನಿಂದ ಅವರು ನನ್ನನ್ನು ಮೆಣಸಿನಕಾಯಿ ಎಂದು ಕರೆದವರು. ನನ್ನ ಮೂಗಿನ ತುದಿಯ ಸಿಟ್ಟು ನೋಡಿ ಆ ಹೆಸರಿಟ್ಟವರೂ ಅವರೇ. ಈಗ ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ, ನನ್ನ ದಾಖಲೆಯ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ! ಮಾರನೆಯ ದಿನವೂ ಹಾಗೇ. ಏನೋ ಮುನಿಸಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದುಕೊಂಡೆ.

ಕಣ್ಣಿಟ್ಟು ನೋಡತೊಡಗಿದ ಮೇಲೆ ಆ ಮನೆಯಲ್ಲಿ ಯಾವುದೂ ನೆಟ್ಟಗಿದ್ದಂತೆ ಕಾಣಲಿಲ್ಲ. ಮಾವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಅತ್ತೆ ಕಾಫಿ ಕೊಡುತ್ತಾರೆ, ಮಾವ ಒಂದು ಗುಟುಕು ಕುಡಿದು "ಚೆನ್ನಾಗಿದೆ" ಎನ್ನುತ್ತಾರೆ. ಅತ್ತೆ ಅತ್ತ ತಿರುಗಿದ ಕೂಡಲೇ ಲೋಟವನ್ನು ಸದ್ದಿಲ್ಲದೆ ಸಿಂಕಿಗೆ ಬಗ್ಗಿಸುತ್ತಾರೆ. ಹೆಂಡತಿ ಕೊಟ್ಟ ಕಾಫಿಯನ್ನು ಕುಡಿಯಲು ಹೆದರುವ ಗಂಡ! ನನಗೆ ಏನೇನೋ ಯೋಚನೆ ಬಂತು. ಊಟಕ್ಕೆ ಕೂತಾಗ ಏನಾದರೂ ಕೇಳಿದರೆ ಅತ್ತೆ ನೇರವಾಗಿ ಉತ್ತರ ಕೊಡುತ್ತಿರಲಿಲ್ಲ.

"ನೀವು ಇಲ್ಲಿಗೆ ಬಂದಾಗ ಮೊದಲು ಯಾವ ಮನೇಲಿದ್ರಿ ಅತ್ತೆ?"

"ನೀನೇ ಹೇಳು ನೋಡೋಣ. ಫೋಟೋ ಕಳಿಸಿದ್ದೆನಲ್ಲ."

"ನಿಮ್ಮ ಮಗಳ ಮಗೂಗೆ ಈಗ ಎಷ್ಟು ತಿಂಗಳು?"

"ಲೆಕ್ಕ ಹಾಕು. ಗುಮಾಸ್ತೆ ಅಲ್ವಾ ನೀನು?"

ನನ್ನ ಮಕ್ಕಳ ಬಗ್ಗೆ ಮಾತ್ರ ಪೊಲೀಸರ ಹಾಗೆ ಕೇಳುತ್ತಿದ್ದರು. ಎಷ್ಟು ಜನ, ಯಾರು ದೊಡ್ಡವರು, ಎಲ್ಲಿ ಓದುತ್ತಾರೆ. ಎರಡು ದಿನ ಬಿಟ್ಟು ಅದೇ ಪ್ರಶ್ನೆ. ನಾನು ಸುಳ್ಳು ಹೇಳುತ್ತಿದ್ದೇನೋ ಎಂದು ಎರಡೂ ಸಲದ ಉತ್ತರವನ್ನು ತಾಳೆ ನೋಡುತ್ತಿದ್ದಾರೆ ಎಂದೇ ನಾನು ತಿಳಿದೆ. ನಾನೂ ಆಫೀಸಿನಲ್ಲಿ ಅದನ್ನೇ ಮಾಡುವವಳು.

ಒಂದು ದಿನ ಲಾಂಡ್ರಿಗೂ ಹೋದೆ. ಉದ್ದ ಕೌಂಟರು, ಹಿಂದೆ ಹಬೆ ಬುಸುಗುಡುವ ಇಸ್ತ್ರಿ ಯಂತ್ರ, ಸೂರಿನಿಂದ ಜೋತುಬಿದ್ದ ಕೋಟುಗಳ ಸಾಲು, ಒಂದೊಂದರ ಕಾಲರಿಗೂ ನಂಬರ್ ಚೀಟಿ. ಬಿಳಿಗಡ್ಡದ ಮುದುಕನೊಬ್ಬ ಬಂದು, ಸಲಿಗೆಯಿಂದ ಕೌಂಟರಿಗೆ ಮೊಣಕೈ ಊರಿ ನಿಂತ. ಅತ್ತೆ ಮುಖ ಗಂಟಿಕ್ಕಿಕೊಂಡು, "ಚೀಟಿ ತೋರಿಸಿ" ಎಂದರು. ಮುದುಕ ನಗುತ್ತಾ ಜೇಬೆಲ್ಲ ತಡಕಾಡಿದ. ಲಾಂಡ್ರಿಯ ಒಡತಿ ನನ್ನ ಕಿವಿಯ ಹತ್ತಿರ ಬಗ್ಗಿ, "ಇಪ್ಪತ್ತು ವರ್ಷದ ಗಿರಾಕಿ. ಆದರೂ ಚೀಟಿ ಇಲ್ಲದೆ ಒಂದು ಕರವಸ್ತ್ರಾನೂ ಕೊಡಲ್ಲ. ನಿಮ್ಮ ಅತ್ತೆಯಂಥವರು ಸಿಗೋದಿಲ್ಲ" ಎಂದಳು.

ಇನ್ನು ನನ್ನ ಪಾಸ್‌ಪೋರ್ಟಿನ ವಿಷಯ. ಅದನ್ನು ನನ್ನ ನೀಲಿ ಕೋಟಿನ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿದ್ದೆ. ಕೋಟು ರೂಮಿನ ಬೀರುವಿನಲ್ಲಿತ್ತು. ದಿನಾ ಸ್ನಾನ ಮುಗಿಸಿ ಬಂದು ಹೊರಗಿನಿಂದಲೇ ಮುಟ್ಟಿ ನೋಡುತ್ತಿದ್ದೆ, ಗಟ್ಟಿಯಾಗಿ ಕೈಗೆ ತಾಗುತ್ತಿತ್ತು, ನೆಮ್ಮದಿ. ವಾಪಸು ಹೊರಡಲು ಎಂಟು ದಿನ ಇದೆ ಎನ್ನುವಾಗ, ಅದರ ನಂಬರ್ ಬೇಕಾಗಿ ಗುಂಡಿ ಬಿಚ್ಚಿದೆ. ಒಳಗಿದ್ದದ್ದು ಪಾಸ್‌ಪೋರ್ಟಲ್ಲ, ಅದೇ ಅಳತೆಗೆ ಕತ್ತರಿಸಿದ ರಟ್ಟು. ಇಸ್ತ್ರಿ ಮಾಡಿದ ಶರ್ಟು ಬಾಗದಿರಲಿ ಎಂದು ಮಡಿಕೆಯೊಳಗೆ ಇಡುತ್ತಾರಲ್ಲ, ಆ ಲಾಂಡ್ರಿ ರಟ್ಟು.

ಪಾಸ್‌ಪೋರ್ಟ್ ಇಲ್ಲದೆ ನಾನು ಮನೆ ಸೇರುವ ಹಾಗಿಲ್ಲ. ಮಕ್ಕಳು, ಗಂಡ, ಶಾಲೆ ಎಲ್ಲ ಆ ಕಡೆ. ಕಳೆದುಹೋಗಿದ್ದರೆ ನನ್ನನ್ನು ನಾನೇ ಬೈದುಕೊಳ್ಳಬಹುದಿತ್ತು. ಆದರೆ ರಟ್ಟು ಕತ್ತರಿಸಿ ಇಟ್ಟವರ ಕೈ ಯಾವುದೆಂದು ಹೇಳಲು ನನಗೆ ಜ್ಯೋತಿಷ್ಯ ಬೇಕಿರಲಿಲ್ಲ. ಸ್ವಂತ ಅತ್ತೆ! ಯಾಕೆ? ನಾನು ಅಂಥದ್ದೇನು ಮಾಡಿದ್ದೆ?

ಕೆಳಗೆ ಹೋಗಿ, ದನಿ ಏರದಂತೆ ಬಿಗಿಹಿಡಿದು ಕೇಳಿದೆ. "ಅತ್ತೆ, ನನ್ನ ಕೋಟಿನ ಜೇಬು ನೋಡಿದ್ರಾ?"

"ಜೇಬು ನೋಡದೆ ನಾನು ಯಾವತ್ತು ಬಿಟ್ಟಿದ್ದೀನಿ?"

"ಅದರಲ್ಲಿ ಏನಿತ್ತು?"

"ನೀನೇ ಹೇಳು ನೋಡೋಣ."

ಅಷ್ಟು ಹೇಳಿ ಬಟ್ಟೆ ಮಡಿಸುತ್ತಾ ಕೂತರು. ಮಾವನಿಗೆ ಹೇಳಿದರೆ ಅವರದು ಅದೇ ಹಾಡು, ಅವಳು ಮೊದಲಿಂದ ಹಾಗೇ. ಮಾರನೆಯ ದಿನ ಇಬ್ಬರೂ ಕೆಲಸಕ್ಕೆ ಹೋದ ಕೂಡಲೇ ನಾನು ಸೊಂಟ ಕಟ್ಟಿ ಮನೆ ಜಾಲಾಡಲು ಶುರುಮಾಡಿದೆ. ಹಾಸಿಗೆ ಎತ್ತಿದೆ, ಡಬ್ಬಗಳ ಮುಚ್ಚಳ ತೆಗೆದೆ, ಅವರ ಸೀರೆಗಳ ಮಡಿಕೆಯೊಳಗೂ ಕೈಯಾಡಿಸಿದೆ. ನಾಚಿಕೆಯಾಗಲಿಲ್ಲ. ಕೊನೆಗೆ ಇಸ್ತ್ರಿ ಮೇಜಿನ ಕೆಳಗಿನ ಖಾನೆಯಲ್ಲಿ, ಹಳೆಯ ಬೆಡ್‌ಶೀಟುಗಳ ಹಿಂದೆ, ಕಂದು ಕವರುಗಳ ಸಾಲು ಸಿಕ್ಕಿತು. ಲಾಂಡ್ರಿಯಲ್ಲಿರುವಂತೆಯೇ ನೀಟಾಗಿ ಜೋಡಿಸಿ, ಒಂದೊಂದಕ್ಕೂ ಚೀಟಿ ಪಿನ್ ಮಾಡಿತ್ತು.

ಮೊದಲನೆಯ ಕವರಿನಲ್ಲಿ ಮಾವನ ಫೋಟೋ. ಚೀಟಿಯಲ್ಲಿ ಅತ್ತೆಯ ದುಂಡು ಕನ್ನಡ ಅಕ್ಷರ: "ನಂಬರ್ ಒಂದು. ಬಸ್ ಡ್ರೈವರು. ನನ್ನ ಗಂಡ. ಕಾಫಿಗೆ ಸಕ್ಕರೆ ಹಾಕಬಾರದು." ಎರಡನೆಯದರಲ್ಲಿ ಮಗಳು, ಮೊಮ್ಮಗು, ಮಗು ಹುಟ್ಟಿದ ತಾರೀಖು. ಮೂರರಲ್ಲಿ ಒಂದು ಬೀಗದಕೈ: "ಮನೆ. ಲಾಂಡ್ರಿಯಿಂದ ಎರಡನೇ ತಿರುವು, ಎಡಕ್ಕೆ. ಹಸಿರು ಬಾಗಿಲು." ನಾಲ್ಕರಲ್ಲಿ ಬಿಳಿಗಡ್ಡದ ಮುದುಕನ ಹೆಸರು, ಮುಖದ ಗುರುತು. ನಾನು ನೆಲದ ಮೇಲೆ ಕೂತುಬಿಟ್ಟೆ. ಏಳನೆಯದರಲ್ಲಿ ನನ್ನ ಪಾಸ್‌ಪೋರ್ಟ್ ಇತ್ತು. "ನಂಬರ್ ಏಳು. ನೀಲಿ ಕೋಟು. ಮಹಡಿ ರೂಮು. ಅಣ್ಣನ ಮಗಳು ಅಂತಾಳೆ. ವಿಚಾರಿಸಬೇಕು. ದಿನಾ ಬೆಳಿಗ್ಗೆ ಹೆಸರು ಓದಿಕೊಂಡು ಹೋಗು."

ಬಾಗಿಲು ತೆಗೆದ ಸದ್ದು ನನಗೆ ಕೇಳಿಸಲೇ ಇಲ್ಲ. ತಲೆಯೆತ್ತಿದರೆ ಅತ್ತೆ ಕೈಚೀಲ ಹಿಡಿದು ನಿಂತಿದ್ದರು.

"ಬೇರೆಯವರ ಸಾಮಾನಿಗೆ ಕೈ ಹಾಕೋ ಮುಂಚೆ ಕೇಳ್ಬೇಕು" ಎಂದರು.

"ನೀವು ಕೇಳಿದ್ರಾ ಅತ್ತೆ?"

"ಕೇಳೋಣ ಅಂತಲೇ ಇದ್ದೆ. ಏನಂತ ಕರೆದು ಕೇಳಲಿ?"

ಅವರು ನಿಧಾನವಾಗಿ ನನ್ನ ಪಕ್ಕದಲ್ಲಿ ನೆಲದ ಮೇಲೇ ಕೂತು, ಚೆಲ್ಲಾಡಿದ್ದ ಕವರುಗಳನ್ನು ನಂಬರಿನ ಪ್ರಕಾರ ಜೋಡಿಸತೊಡಗಿದರು.

"ಯಾವಾಗಿಂದ?"

"ಅದನ್ನೂ ನನ್ನನ್ನೇ ಕೇಳ್ತೀಯಲ್ಲ! ಚಳಿಗಾಲ ಇರಬೇಕು. ಕೆಲಸ ಮುಗಿಸಿ ಬರ್ತಾ ತಿರುವಿನಲ್ಲಿ ನಿಂತ್ಕೊಂಡೆ. ಎಡಕ್ಕೋ ಬಲಕ್ಕೋ ಗೊತ್ತಾಗ್ಲಿಲ್ಲ. ನಿಮ್ಮ ಮಾವನ ಬಸ್ಸು ಬರೋವರೆಗೆ ಅಲ್ಲೇ ಇದ್ದೆ. ನಿಮಗೋಸ್ಕರ ಕಾದಿದ್ದೆ ಅಂದೆ. ಪಾಪ, ಎಷ್ಟು ಖುಷಿಪಟ್ಟರು." ಚೀಟಿಯೊಂದರ ಪಿನ್ನು ಸರಿಮಾಡಿದರು. "ಆಯುಷ್ಯವೆಲ್ಲ ಊರವರ ಮೇಲೆ ಅನುಮಾನ ಪಟ್ಟೆ. ಈಗ ನನ್ನ ಮೇಲೇ ಅನುಮಾನ ಕಣೇ."

ಯಾರಿಗೂ ಗೊತ್ತಾಗದೆ ಹೋದದ್ದು ಹೇಗೆಂದು ಆಗ ಹೊಳೆಯಿತು. ಬೇರೆ ಯಾವ ಹೆಂಗಸಾದರೂ ಸ್ವಂತ ಅಣ್ಣನ ಮಗಳಿಗೆ ನಿಮ್ಮಪ್ಪನಿಗೆ ಯಾವ ಕಾಲು ಕುಂಟು ಎಂದು ಕೇಳಿದ್ದರೆ ನಾವು ಗಾಬರಿಯಾಗುತ್ತಿದ್ದೆವು. ಸಿಐಡಿ ಅತ್ತೆ ಕೇಳಿದರೆ ನಕ್ಕೆವು. ಅವರು ಪರೀಕ್ಷೆ ಮಾಡುತ್ತಿದ್ದಾರೆ ಎಂದು ನಾನು ಉರಿದುಕೊಳ್ಳುವಾಗ, ಅವರು ಉತ್ತರ ಕದಿಯುತ್ತಿದ್ದರು.

"ಮಾವನಿಗೆ ಹೇಳ್ಬೇಕು" ಎಂದೆ.

"ಬೇಡ."

"ಹೇಳ್ಲೇಬೇಕು ಅತ್ತೆ! ಡಾಕ್ಟರ ಹತ್ತಿರ ಹೋಗ್ಬೇಕು! ಒಂದಿನ ಬಸ್ಸು ಬರದೇ ಹೋದ್ರೆ ಆ ತಿರುವಿನಲ್ಲೇ ನಿಂತಿರ್ತೀರಾ? ರಟ್ಟು ಕತ್ತರಿಸೋ ಬುದ್ಧಿ ಇದೆ, ಕಟ್ಟಿಕೊಂಡ ಗಂಡನಿಗೆ ಒಂದು ಮಾತು ಹೇಳೋ ಬುದ್ಧಿ ಇಲ್ವಾ?" ಅಳುವೂ ಸಿಟ್ಟೂ ಒಟ್ಟಿಗೆ ಬಂದು ಕೂಗಿಬಿಟ್ಟೆ.

ಅತ್ತೆ ಕೈಯಲ್ಲಿದ್ದ ಕವರು ಕೆಳಗಿಟ್ಟರು. ನನ್ನ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, ಮೂಗನ್ನೇ ದಿಟ್ಟಿಸಿದರು.

"ಅಯ್ಯೋ" ಎಂದರು. "ಮೆಣಸಿನಕಾಯಿ ಅಲ್ವೇನೇ ನೀನು!"

ಮಾವ ಮನೆಗೆ ಬಂದ ಮೇಲೆ ಅತ್ತೆಯೇ ಹೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಮಾವ ತಮ್ಮ ಚೀಟಿಯನ್ನು ಎರಡು ಸಲ ಓದಿದರು. "ಕಾಫಿಗೆ ಸಕ್ಕರೆ ಬೀಳೋಕೆ ಶುರುವಾಗಿ ನಾಲ್ಕು ತಿಂಗಳಾಯ್ತು ಕಣೇ" ಎಂದರು. "ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಸಿಂಕಿಗೆ ಸುರೀತಿದ್ದೆ." ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಅಷ್ಟೂ ಹಾಲು ದಂಡ ಮಾಡಿದಿರಲ್ಲ ಎಂದು ಜಗಳಕ್ಕೇ ನಿಂತರು. ಮುಂದಿನ ವಾರಕ್ಕೆ ಡಾಕ್ಟರ ಸಮಯ ಗೊತ್ತುಮಾಡಿದೆವು.

ಪಾಸ್‌ಪೋರ್ಟನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ನನ್ನ ಹೆಸರು ಓದಿಕೊಳ್ಳಲು ಅವರಿಗೆ ಅದು ಬೇಕಿತ್ತು. ನಮ್ಮ ವಂಶದಲ್ಲಿ ಇಂಥದ್ದನ್ನು ಯಾರೂ ಮಾಡಿಲ್ಲ. ಅವರು ಅದನ್ನು ಬೇರೆಲ್ಲಾದರೂ ಇಟ್ಟು ಮರೆತರೆ? ರದ್ದಿಗೆ ಹಾಕಿದರೆ? ದಿನಕ್ಕೆ ಹತ್ತು ಸಲ ಆ ಖಾನೆಯ ಮುಂದೆ ಸುಳಿದಾಡಿ, ಮುಟ್ಟದೆ ಹಿಂದಿರುಗುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ಖಾನೆ ತೆಗೆದರೆ ಏಳನೆಯ ಕವರು ಖಾಲಿ.

ಮಾವ ಕೆಳಗೆ ಹಾರ್ನ್ ಹೊಡೆಯುತ್ತಿದ್ದರು. ಬೆಡ್‌ಶೀಟು ಎಳೆದು ಹಾಕಿದೆ, ಉಳಿದ ಕವರುಗಳನ್ನೆಲ್ಲ ಬೋರಲು ಹಾಕಿದೆ. ಅಷ್ಟು ನಂಬಿ ಇಟ್ಟಿದ್ದಕ್ಕೆ ತಕ್ಕ ಶಾಸ್ತಿ ಎಂದು ನನ್ನನ್ನೇ ಶಪಿಸಿಕೊಂಡೆ. ಅತ್ತೆ ನನ್ನ ನೀಲಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದರು. ಗೆರೆ ಬೀಳದಂತೆ ಇಸ್ತ್ರಿ ಮಾಡಿದ್ದರು.

"ಜೇಬು ನೋಡಿದೆಯಾ?" ಎಂದರು.

ಒಳಜೇಬಿನ ಗುಂಡಿ ಬಿಚ್ಚಿದೆ. ಪಾಸ್‌ಪೋರ್ಟ್ ಅಲ್ಲೇ ಇತ್ತು. ನಾನು ಅವರ ಕಾಲಿಗೆ ನಮಸ್ಕಾರ ಮಾಡಿ ಓಡಿದೆ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಫೋಟೋ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಒಳಗಿನಿಂದ ಒಂದು ಚೀಟಿ ಎಳೆದು, ಇದೇನೆಂಬಂತೆ ಹುಬ್ಬು ಹಾರಿಸಿ ನನ್ನ ಮುಂದೆ ಹಿಡಿದ. ಅದೇ ನಂಬರ್ ಏಳರ ಚೀಟಿ. "ವಿಚಾರಿಸಬೇಕು" ಎನ್ನುವುದನ್ನು ಅತ್ತೆ ಗೆರೆ ಎಳೆದು ಹೊಡೆದುಹಾಕಿದ್ದರು. ಕೆಳಗೆ ಬೇರೆ ಶಾಯಿಯಲ್ಲಿ ಬರೆದಿದ್ದರು.

"ವಿಚಾರಿಸಿದೆ. ಮೆಣಸಿನಕಾಯಿ. ನಂಬಬಹುದು."