ಬಿದ್ದವರನ್ನು ಎತ್ತದ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಾರ್ಖಾನೆಯ ಯಂತ್ರ ಅದನ್ನು ಎಂದೋ ಕಿತ್ತುಕೊಂಡಿತ್ತು. ಆ ಬೋಳು ಬೆರಳು ಎದೆಗೆ ತಾಗಿದ್ದಷ್ಟೇ ಗೊತ್ತಾಗುತ್ತಿತ್ತು. ಮರುಕ್ಷಣ ನಾವು ವಿದ್ಯಾರಣ್ಯಪುರದ ಪಾರ್ಕಿನ ಹುಲ್ಲಿನ ಮೇಲೆ ಅಂಗಾತ ಬಿದ್ದಿರುತ್ತಿದ್ದೆವು.

ಗದಗದ ಕಡೆಯವರು. ಯಶವಂತಪುರದಲ್ಲಿ ಫಿಟ್ಟರ್ ಆಗಿದ್ದಾಗ, ಯಂತ್ರ ಕೂರಿಸಲು ಬಂದಿದ್ದ ಚೀನಾದ ಮುದುಕನೊಬ್ಬ ಊಟದ ಬಿಡುವಿನಲ್ಲಿ ಇವರಿಗೆ ತಾಯ್ ಚಿ ಎಂಬ ಅವರ ನಿಧಾನಗತಿಯ ಕಸರತ್ತು ಕಲಿಸಿದನಂತೆ. ನಿವೃತ್ತರಾದ ಮೇಲೆ ಅದನ್ನು ನಮ್ಮ ಮೇಲೆ ತೀರಿಸಿಕೊಂಡರು.

ನಾನು ಹೋದದ್ದು ಸಿಟ್ಟಿಗೆ ಮದ್ದು ಹುಡುಕಿಕೊಂಡು. ಬ್ಯಾಟರಾಯನಪುರದ ನಮ್ಮ ಮನೆತನದ ಗಂಡಸರಿಗೆ ಸಿಟ್ಟು ಜಮೀನಿನ ಜೊತೆಗೇ ಬರುತ್ತದೆ. ನಾನೆಸೆದ ಊಟದ ತಟ್ಟೆ ಹಣೆಗೆ ತಾಗಿ, ಹೆಂಡತಿ ಬಾಗಲೂರಿನ ತವರಿಗೆ ಹೋಗಿ ಕೂತಿದ್ದಳು. "ನಿಮ್ ಕೈ ನಿಮ್ ಮಾತು ಕೇಳೋವರ್ಗೂ ನಾನ್ ಬರಲ್ಲ" ಅಂದಿದ್ದಳು. ಮೈ, ಮನಸ್ಸು, ಉಸಿರು ಮೂರೂ ಒಂದಾದ ದಿನ ಕೈ ತಾನಾಗಿ ಮಾತು ಕೇಳುತ್ತದೆ ಎಂದವರು ಮೇಷ್ಟ್ರು.

ಹಂಡೆ ತಬ್ಬಿದ ಹಾಗೆ ತೋಳು ಬಳಸಿ ಅರ್ಧ ಗಂಟೆ ನಿಲ್ಲಬೇಕಿತ್ತು. ನಡುವೆ ಮೇಷ್ಟ್ರು ಬಂದು ದೂಡುತ್ತಿದ್ದರು. ನಾನು ಸೆಟೆದು ನಿಲ್ಲುತ್ತಿದ್ದೆ, ಬೀಳುತ್ತಿದ್ದೆ. "ನೀ ಗಟ್ಟಿ ಆದಷ್ಟೂ ನನಗ ಸಲೀಸು, ತಮ್ಮಾ" ಎಂದು ನಗುತ್ತಿದ್ದರು. ಒಮ್ಮೆ, ಎಪ್ಪತ್ತು ದಾಟಿದ್ದ ಹಿರಿಯರೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡರು. ಎತ್ತಲು ಬಗ್ಗಿದ ನನ್ನ ಕೈಗೆ ಮೇಷ್ಟ್ರು ಪಟ್ಟನೆ ಹೊಡೆದರು.

"ಮುಟ್ಟಬ್ಯಾಡ! ಚೀನಾದವರ ಮಾತಿನ್ಯಾಗ ತಾವೋ ಅಂದ್ರ ಹಾದಿ. ಹಾದಿ ಯಾರನ್ನೂ ಎತ್ತಂಗಿಲ್ಲ."

ರಾಕ್ಷಸ ಅಂದುಕೊಂಡೆ. ಆದರೆ ಮಾರನೆಯ ವಾರ ಆ ಹಿರಿಯರು ಪ್ಲಾಸ್ಟರ್ ಹಾಕಿಕೊಂಡೇ ಬಂದು ನಿಂತರು. ನಾನೂ ನಿಂತೆ. ಕೆಲವೊಮ್ಮೆ ಮೇಷ್ಟ್ರು ತಾವೇ ಬಿದ್ದು ತೋರಿಸುತ್ತಿದ್ದರು, ತಂತಿಯಿಂದ ಪಂಚೆ ಜಾರಿದಷ್ಟು ಸಲೀಸಾಗಿ. ಆಮೇಲೆ ಸುಮ್ಮನೆ ಮಲಗಿದ್ದು, ಯಾವಾಗಲೋ ಏಳುತ್ತಿದ್ದರು.

ಎರಡನೆಯ ವರ್ಷದ ಒಂದು ಬೆಳಿಗ್ಗೆ ನನಗೆ ಅದು ಒಲಿಯಿತು. ಬಸ್ಸಿನ ಹಾರ್ನು, ನಾಯಿಗಳ ಬೊಗಳಾಟ ಎಲ್ಲವೂ ನನ್ನನ್ನು ಮುಟ್ಟದೆ ಹಾದುಹೋದವು. ಮೈಯೂ ಉಸಿರೂ ಬೇರೆಯಿರಲಿಲ್ಲ. ಮನಸ್ಸಿನಲ್ಲಿ ಒಂದು ಮಾತೂ ಇರಲಿಲ್ಲ. ಆಗ ಮೇಷ್ಟ್ರು ನಮ್ಮೆದುರು ಬಿದ್ದರು.

"ಎಷ್ಟು ಸಡಿಲ ನೋಡು ಗುರು!" ಎಂದು ಪಕ್ಕದವನು ಪಿಸುಗುಟ್ಟಿದ. ಹನ್ನೊಂದು ಜನ ನೋಡುತ್ತ ನಿಂತೆವು. ನಾನು ನಗುತ್ತಿದ್ದೆ. ಜೀವನದಲ್ಲಿ ಅಷ್ಟು ಸುಖ ಎಂದೂ ಪಟ್ಟಿರಲಿಲ್ಲ. ಹತ್ತು ನಿಮಿಷವೇ ಕಳೆದಿರಬೇಕು. ಪಾರ್ಕು ಗುಡಿಸುವ ಹೆಂಗಸು ಪೊರಕೆ ಬಿಸಾಕಿ ಓಡಿಬಂದಳು.

"ಅಯ್ಯೋ, ಬಾಯಿ ಸೊಟ್ಟಗಾಗೈತೆ! ಕಣ್ ಕಾಣಕಿಲ್ವಾ ನಿಮ್ಗೆ? ಎತ್ರೋ!"

ಆಗಲೂ ನಾವು ಮುಖ ಮುಖ ನೋಡಿಕೊಂಡೆವು. ಮೊದಲು ಬಗ್ಗಿದವಳು ಅವಳೇ.

ಬೇಗ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು. ಬಲಭಾಗ ಹೋಯಿತು, ಮಾತು ನಿಂತಿತು. ಮೇಷ್ಟ್ರ ಮನೆಗೆ ಹೋಗಿ ಅವರ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ.

"ಮಂದೀನೆಲ್ಲಾ ಬೀಳಿಸಿದ್ರು. ಎತ್ತೂದು ನನ್ನ ಪಾಲಿಗೆ ಬಂತು" ಅಂದರು. "ಈಗರ ಬರ್ರಿ, ಆ ಕಡೆ ಹಿಡೀರಿ."

ಇಬ್ಬರೂ ಸೇರಿ ಅವರನ್ನು ಕುರ್ಚಿಗೆ ಎತ್ತುವಾಗ ಮೇಷ್ಟ್ರ ಎಡಗೈ ನನ್ನ ಎದೆಗೆ ಬಂತು. ದೂಡಿದರು. ಸಿಟ್ಟಿನಿಂದಲೇ ದೂಡಿದರು, ಕಣ್ಣಿನಲ್ಲಿ ಕಂಡಿತು. ಅಷ್ಟು ಬಲ ಹಾಕಿದರೂ ನಾನು ಅಲುಗಲಿಲ್ಲ. ಅವರು ಸೆಟೆದಿದ್ದರು, ನಾನು ಅವರೇ ಕಲಿಸಿದ ಹಾಗೆ ಸಡಿಲವಾಗಿದ್ದೆ. ನಾಲ್ಕು ತಿಂಗಳಿಗೆ ತೀರಿಕೊಂಡರು.

ನನ್ನ ಹೆಂಡತಿ ವಾಪಸು ಬಂದಿದ್ದಾಳೆ. "ಎಷ್ಟ್ ಬದ್ಲಾಗಿದ್ದೀರಾ ಕಣ್ರೀ" ಎಂದು ಹಣೆಯ ಗಾಯದ ಗುರುತು ಸವರಿಕೊಳ್ಳುತ್ತಾಳೆ. ನಿಜ, ಕೈ ಮಾತು ಕೇಳುತ್ತದೆ. ಅದನ್ನು ಕಲಿಸಿದವರು ಹೇಗೆ ಹೋದರೆಂದು ಅವಳಿಗೆ ಹೇಳಿಲ್ಲ.

ಈಗಲೂ ಬೆಳಿಗ್ಗೆ ಹಂಡೆ ತಬ್ಬಿ ನಿಲ್ಲುತ್ತೇನೆ. ಮೈ, ಮನಸ್ಸು, ಉಸಿರು ಒಂದಾಗುತ್ತಿವೆ ಅನಿಸಿದೊಡನೆ ಹೆದರಿಕೆಯಾಗುತ್ತದೆ. ಹುಲ್ಲಿನ ಮೇಲೆ ಯಾರಾದರೂ ಬಿದ್ದಿದ್ದಾರೆಯೇ ಎಂದು ತಿರುಗಿ ನೋಡುತ್ತೇನೆ.